ಅಜಾಮಿಳನ ಹೆಂಡತಿಯನ್ನು ಯಾರಾದರೂ ಕೇಳಿದರಾ?

ಶರಾವತಿ_ಸಾಗರ:
ಕಳೆದ ವಾರ ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಭಾಗವತ ಸಪ್ತಾಹ ನಡೆಯಿತು. 6ನೇ ಸ್ಕಂಧದ ದಿನ ಅಜಾಮಿಳನ ಕಥೆ. ಕನ್ಯಾಕುಬ್ಜದ ಬ್ರಾಹ್ಮಣ. ಅಪ್ಪನಿಗಾಗಿ ಹಣ್ಣು, ಹೂವು, ಸಮಿತ್ತು, ದರ್ಭೆ ತರಲು ಕಾಡಿಗೆ ಹೋದವನು ದಾಸಿಯೊಬ್ಬಳ ಮೋಹಕ್ಕೆ ಬಿದ್ದ. ಚಿಕ್ಕ ವಯಸ್ಸಿನ ಹೆಂಡತಿಯನ್ನೂ ಮುದಿ ತಂದೆತಾಯಿಯನ್ನೂ ಬಿಟ್ಟ. ಜೂಜು, ಮೋಸ, ಕಳ್ಳತನದಿಂದ ಹೊಟ್ಟೆ ಹೊರೆದ. 88ರ ವಯಸ್ಸಲ್ಲಿ ಯಮದೂತರನ್ನು ಕಂಡು ಹೆದರಿ, 10 ಮಕ್ಕಳಲ್ಲಿ ಕೊನೆಯವನಾದ ನಾರಾಯಣನನ್ನು ಕೂಗಿ ಕರೆದ. ಅಷ್ಟಕ್ಕೇ ವಿಷ್ಣುದೂತರು ಬಂದು ಬಿಡಿಸಿದರು. ಪ್ರವಚನಕಾರರು "ಹೇಗೇ ಬದುಕಿದ್ದರೂ ಕೊನೆಗೊಂದು ನಾಮ ಸಾಕು" ಎಂದರು. ಪಕ್ಕದಲ್ಲಿದ್ದ ನನ್ನ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದರು. ದೊಡ್ಡಪ್ಪ ಬಿಟ್ಟುಹೋದ ಮೇಲೆ ಹಪ್ಪಳ ಲಟ್ಟಿಸಿ ಮಕ್ಕಳನ್ನು ಓದಿಸಿದವರು ಅವರು. ಈಗ ದೊಡ್ಡಪ್ಪ ವಾಪಸ್ ಬಂದು ಜಪಮಣಿ ಹಿಡಿದು ಜಗಲಿಯಲ್ಲಿ ಕೂತಿರುತ್ತಾರೆ. ಬಂದುಹೋಗುವ ನೆಂಟರೆಲ್ಲ "ದೇವರೇ ಕ್ಷಮಿಸ್ತಾನೆ, ನೀನು ಯಾಕೆ ಹಿಡ್ಕೊಂಡು ಕೂರ್ತೀಯ" ಅಂತ ದೊಡ್ಡಮ್ಮನಿಗೇ ಬುದ್ಧಿ ಹೇಳುತ್ತಾರೆ. ಅಜಾಮಿಳನ ಹೆಂಡತಿಯನ್ನು ಯಾರಾದರೂ ಒಂದು ಮಾತು ಕೇಳಿದರಾ?

ದಾಸಾನುದಾಸ:
"ಅಷ್ಟಕ್ಕೇ" ಅಂತ ಹಗುರವಾಗಿ ಬರೆಯಬೇಡಿ ತಾಯಿ. ಬೇರೆ ಯಾರನ್ನೋ ಕರೆಯುವಾಗ, ತಮಾಷೆಗೆ, ಕೊನೆಗೆ ತಾತ್ಸಾರದಿಂದ ಬಾಯಿಗೆ ಬಂದರೂ ಹರಿನಾಮ ಪಾಪವನ್ನು ಸುಡುತ್ತದೆ ಅಂತ ವಿಷ್ಣುದೂತರೇ ಹೇಳಿದ್ದಾರೆ. ಪುರಂದರದಾಸರು ಪ್ರಹ್ಲಾದ, ದ್ರೌಪದಿ, ಗಜೇಂದ್ರರ ಸಾಲಿನಲ್ಲೇ ಅಜಾಮಿಳನನ್ನೂ ಹಾಡಿದರು. ಕರೆದ ಕೂಡಲೇ ವೈಕುಂಠದಿಂದ ವಿಮಾನ ಬಂತು. ಭಗವಂತನ ಕರುಣೆಯನ್ನು ನಾವು ತೂಗಿ ನೋಡಬಾರದು.

ಧಾರವಾಡ_ಮಾಸ್ತರ:
ಕರೆದ ಕೂಡ್ಲೆ ವಿಮಾನ ಎಲ್ಲಿ ಬಂತ್ರೀ ದಾಸರ? ವಿಷ್ಣುದೂತರು ಪಾಶ ಬಿಡಿಸಿ ಅಲ್ಲೇ ಮಾಯ ಆದ್ರು. ಅಜಾಮಿಳ ಅವತ್ತ ಸಾಯಲೇ ಇಲ್ಲ. ಎದ್ದು ಕೂತ, ಯಮದೂತರು, ವಿಷ್ಣುದೂತರು ಎರಡೂ ಕಡೆಯವರ ವಾದ ಕೇಳಿದ್ದ ನೆನಪ ಮಾಡ್ಕೊಂಡ, ತನ್ನನ್ನ ತಾನ ಬೈಕೊಂಡ. ಎಲ್ಲಾ ಬಿಟ್ಟು ಗಂಗಾದ್ವಾರಕ್ಕ, ಅಂದ್ರ ಈಗಿನ ಹರಿದ್ವಾರಕ್ಕ ಹೋಗಿ ಯೋಗದಾಗ ಕೂತ. ವಿಮಾನ ಬಂದದ್ದು ಅಲ್ಲಿ, ಗಂಗಾ ತೀರದಾಗ ದೇಹ ಬಿಟ್ಟ ಮ್ಯಾಲ. 6ನೇ ಸ್ಕಂಧದ 2ನೇ ಅಧ್ಯಾಯ, ತೆಗದ ನೋಡ್ರಿ.

ದಾಸಾನುದಾಸ:
ನಾನು ಚಿಕ್ಕಂದಿನಿಂದ ಹರಿಕಥೆ ಕೇಳಿಕೊಂಡು ಬೆಳೆದವನು. ಎಲ್ಲ ಹರಿಕಥೆಯಲ್ಲೂ ವಿಮಾನ ಆಗಲೇ ಬರುತ್ತದೆ, ಜನ ಎದ್ದು ನಿಂತು ಗೋವಿಂದಾ ಅನ್ನುತ್ತಾರೆ. ಅಷ್ಟು ಜನ ಕೀರ್ತನಕಾರರು ಸುಳ್ಳು ಹೇಳಿದರು ಅನ್ನುತ್ತೀರಾ?

ಧಾರವಾಡ_ಮಾಸ್ತರ:
ಸುಳ್ಳ ಅಂದಿಲ್ಲ. ರಾತ್ರಿ ಬಹಳಾತು ಅಂತ ಕಡಿಮಿ ಮಾಡಿ ಹೇಳ್ತಾರ. ಆದ್ರ ಹಂಗ ಕಡಿಮಿ ಮಾಡಿದ್ದಾಗ ಪಶ್ಚಾತ್ತಾಪನ ಕತ್ತರಿಸಿ ಹೋಗೇತಿ.

ವಕೀಲ_ಮಂಡ್ಯ:
ವಾದ ಅಂದ್ರಲ್ಲ ಮೇಷ್ಟ್ರೇ, ಅದನ್ನ ಯಾರೂ ಸರಿಯಾಗಿ ಓದಲ್ಲ. ಯಮದೂತರ ಕೇಸು ಭದ್ರವಾಗೇ ಇತ್ತು. ಸೂರ್ಯ, ಅಗ್ನಿ, ಆಕಾಶ, ಗಾಳಿ, ಚಂದ್ರ, ಸಂಧ್ಯೆ, ಹಗಲು ರಾತ್ರಿ, ದಿಕ್ಕು, ನೀರು, ಭೂಮಿ ಎಲ್ಲರೂ ಸಾಕ್ಷಿ ಅಂತ ಪಟ್ಟಿ ಕೊಡ್ತಾರೆ. ಅಪ್ಪನ ಆಸ್ತಿ ಆ ಹೆಂಗಸಿಗೆ ಸುರಿದದ್ದನ್ನೂ ಹೇಳ್ತಾರೆ. ಅಪರಾಧ ನಡೆದೇ ಇಲ್ಲ ಅಂತ ವಿಷ್ಣುದೂತರು ಹೇಳಲ್ಲ. ಪ್ರಾಯಶ್ಚಿತ್ತ ಆಗೋಗಿದೆ, ಇನ್ನು ಶಿಕ್ಷೆ ಕೊಡೋ ಹಕ್ಕು ನಿಮಗಿಲ್ಲ ಅಂತಾರೆ. ಕಾನೂನು ಪ್ರಕಾರ ಸರಿಯಾದ ವಾದ ಕಣ್ರಿ.

ಶರಾವತಿ_ಸಾಗರ:
ಇಷ್ಟುದ್ದದ ಸಾಕ್ಷಿ ಪಟ್ಟಿಯಲ್ಲಿ ಅವನ ಹೆಂಡತಿಯ ಹೆಸರಿದೆಯಾ ವಕೀಲರೇ?

ವಕೀಲ_ಮಂಡ್ಯ:
ಸಾಕ್ಷಿಯಾಗಿ ಇಲ್ಲ ಮೇಡಂ. ಆದ್ರೆ ಅವಳನ್ನ ಬಿಟ್ಟಿದ್ದು ಆರೋಪದಲ್ಲೇ ಇದೆ, ಒಳ್ಳೆ ಮನೆತನದ ಹುಡುಗಿ ಅಂತ ಎತ್ತಿ ಹೇಳಿದ್ದಾರೆ.

ದಾಸಾನುದಾಸ:
"ಪ್ರಾಯಶ್ಚಿತ್ತ ಆಗೋಗಿದೆ" ಅಂತ ವಕೀಲರು ಸರಿಯಾಗಿ ಹೇಳಿದರು. ಕೋಟಿ ಜನ್ಮದ ಪಾಪಕ್ಕೂ ಇವನು ಪ್ರಾಯಶ್ಚಿತ್ತ ಮಾಡಿಕೊಂಡ ಅನ್ನುವುದು ಅವನು ಹರಿದ್ವಾರಕ್ಕೆ ಹೋಗುವ ಮುಂಚೆ ಬರುವ ಮಾತು. ಹಾಸಿಗೆಯ ಪಕ್ಕದಲ್ಲಿ, ಆ ಗಳಿಗೆಯಲ್ಲೇ ಹೇಳಿದ್ದು. ಮಾಸ್ತರರೇ, ಈಗ ಏನಂತೀರಿ? ನಾಮ ಮೊದಲು, ತಪಸ್ಸು ಆಮೇಲೆ.

ಧಾರವಾಡ_ಮಾಸ್ತರ:
ಹಂಗಾದ್ರ ಆವಾಗ್ಲೇ ಯಾಕ ಕರಕೊಂಡ ಹೋಗ್ಲಿಲ್ಲ? ಪಾಶ ಬಿಡಿಸಿದವರಿಗೆ ವಿಮಾನ ತರೂದು ಕಷ್ಟಿತ್ತೇನು? ಆಯುಷ್ಯ ಕೊಟ್ಟು ಬಿಟ್ಟು ಹೋದ್ರು. ತಿದ್ದಿಕೊಳ್ಳಾಕ ಸಿಕ್ಕ ವ್ಯಾಳ್ಯಾನ ಅಲ್ಲಿ ಕೃಪಾ. ಮೊದಲ ಅಧ್ಯಾಯದಾಗ ಭಾಗವತ ಕೇಳಾಕತ್ತಿದ್ದ ರಾಜಾ ಪರೀಕ್ಷಿತ ಕೇಳಿದ್ದೂ ಇದನ್ನ: ಪ್ರಾಯಶ್ಚಿತ್ತ ಮಾಡಿ ಮತ್ತ ಅದ ಪಾಪ ಮಾಡಿದ್ರ, ಆನಿ ಜಳಕಾ ಮಾಡಿ ಮೈಮ್ಯಾಲ ಮಣ್ಣ ಹಾಕ್ಕೊಂಡಂಗ ಅಲ್ಲೇನು ಅಂತ.

ದಾಸಾನುದಾಸ:
ಪರೀಕ್ಷಿತ ಕೇಳಿದ್ದು ವ್ರತ ಉಪವಾಸದ ಪ್ರಾಯಶ್ಚಿತ್ತದ ಬಗ್ಗೆ, ನಾಮದ ಬಗ್ಗೆ ಅಲ್ಲ! ಆ ಸಂಶಯಕ್ಕೆ ಅವನಿಗೆ ಭಾಗವತ ಹೇಳುತ್ತಿದ್ದ ಶುಕಮುನಿಗಳು ಕೊಟ್ಟ ಉತ್ತರವೇ ಭಕ್ತಿ. ಪ್ರಶ್ನೆ ತೋರಿಸಿ ಉತ್ತರ ಮುಚ್ಚಿಡುವುದು ಮೇಷ್ಟರಿಗೆ ಶೋಭೆಯಲ್ಲ. ನನ್ನ ತಂದೆ ಕೊನೆಯ 3 ದಿನ ಮಾತು ನಿಂತು, ತುಟಿಯಲ್ಲಿ ಬರೀ ನಾಮ ಆಡುತ್ತಿತ್ತು. ಅವರು ಹರಿದ್ವಾರಕ್ಕೆ ಹೋಗಿರಲಿಲ್ಲ. ಅವರಿಗೆ ಏನೂ ಸಿಗಲಿಲ್ಲ ಅಂತ ಹೇಳುವ ಎದೆಗಾರಿಕೆ ನಿಮಗಿದ್ದರೆ ಹೇಳಿ.

ಧಾರವಾಡ_ಮಾಸ್ತರ:
ನಿಮ್ಮ ತಂದೆಯವರ ಸುದ್ದಿ ನಾ ಎತ್ತಿಲ್ರೀ. ನಾ ಕೇಳಿದ್ದು ವಿಮಾನ ಎಲ್ಲಿ ಬಂತು ಅಂತ.

ಗೀತಾಧ್ಯಾಯಿ:
ಇಬ್ಬರೂ ವಿಮಾನ ಬಿಡಿ. ಗೀತೆಯ 9ನೇ ಅಧ್ಯಾಯದ 30ನೇ ಶ್ಲೋಕ: ಎಷ್ಟೇ ದುರಾಚಾರಿಯಾದರೂ ಅನನ್ಯವಾಗಿ ನನ್ನನ್ನು ಭಜಿಸಿದರೆ ಅವನನ್ನು ಸಾಧು ಎಂದೇ ತಿಳಿಯಬೇಕು. ಕೃಷ್ಣನೇ ಹೇಳಿದ ಮೇಲೆ ಚರ್ಚೆ ಏನಿದೆ?

ಧಾರವಾಡ_ಮಾಸ್ತರ:
31ನೇದು ಯಾಕ ಬಿಟ್ರಿ? "ಕ್ಷಿಪ್ರಂ ಭವತಿ ಧರ್ಮಾತ್ಮಾ." ಬ್ಯಾಗನ ಧರ್ಮಾತ್ಮ ಆಗ್ತಾನ ಅಂತ. ಆಗಬೇಕಲ್ಲ?

ಗೀತಾಧ್ಯಾಯಿ:
ಅದೇ ಶ್ಲೋಕದ ದ್ವಿತೀಯಾರ್ಧ ನೀವು ಯಾಕೆ ಬಿಟ್ಟಿರಿ? ನನ್ನ ಭಕ್ತ ನಾಶವಾಗುವುದಿಲ್ಲ ಎಂದಿದೆ.

ಭಟ್ಕಳದವ:
ನಮ್ಮಲ್ಲೂ ಅಲ್ಲಾಹ್ ಕರುಣಾಮಯಿ, ತೌಬಾದ, ಅಂದ್ರೆ ಪಶ್ಚಾತ್ತಾಪದ ಬಾಗಿಲು ಸಾಯೋವರೆಗೂ ತೆರೆದಿರುತ್ತೆ. ಆದರೆ ಉಲಮಾಗಳು, ಅಂದ್ರೆ ನಮ್ಮ ಧರ್ಮಪಂಡಿತರು, ಷರತ್ತು ಹೇಳ್ತಾರೆ: ತಪ್ಪು ನಿಲ್ಲಿಸಬೇಕು, ಮರುಗಬೇಕು, ಇನ್ನು ಮಾಡಲ್ಲ ಅಂತ ನಿಶ್ಚಯಿಸಬೇಕು. ಇನ್ನೊಬ್ಬರ ಹಕ್ಕು ಕಸಿದಿದ್ದರೆ ಅದನ್ನ ಹಿಂದಿರುಗಿಸಬೇಕು, ಇಲ್ಲಾಂದ್ರೆ ಅವರಿಂದಲೇ ಮಾಫಿ ಪಡೀಬೇಕು. ಶರಾವತಿ ಅಕ್ಕ ಕೇಳ್ತಿರೋದು ಆ ಕೊನೇದನ್ನ ಅನ್ಸುತ್ತೆ.

ದಾಸಾನುದಾಸ:
"ಷರತ್ತು" ಅಂದಮೇಲೆ ಅದು ಕೃಪೆ ಹೇಗಾಗುತ್ತದೆ? ನಾವು ಭಾಗವತದ ವಿಚಾರ ಮಾತಾಡುತ್ತಿದ್ದೇವೆ, ಅಲ್ಲೇ ಇರೋಣ.

ಶರಾವತಿ_ಸಾಗರ:
ಭಾಗವತದಲ್ಲೇ ಇರೋಣ. ಎಚ್ಚರ ಬಂದಮೇಲೆ ಅಜಾಮಿಳ ತಾನೇ ಅಳುತ್ತಾನಲ್ಲ, ಬೇರೆ ದಿಕ್ಕಿಲ್ಲದ ಮುದಿ ತಂದೆತಾಯಿಯನ್ನು ಬಿಟ್ಟೆ, ಸಾಧ್ವಿ ಹೆಂಡತಿಯನ್ನು ಬಿಟ್ಟೆ ಅಂತ. ಆದರೆ ಹೊರಟದ್ದು ಹರಿದ್ವಾರಕ್ಕೆ. ಅವಳ ಮನೆ ಕಡೆ ಒಂದು ಹೆಜ್ಜೆ ಇಟ್ಟ ಅಂತ ಎಲ್ಲಾದರೂ ಇದೆಯಾ? ಹತ್ತು ಮಕ್ಕಳನ್ನು ಹೆತ್ತು ಅವನ ಜೊತೆ ಬಾಳಿದ ಆ ದಾಸಿಯನ್ನೂ ಕೊನೆಗೆ ಬಿಟ್ಟೇ ಹೋದ. ಅವಳಿಗೆ ಯಾವ ದೂತರು ಬಂದರು?

ವಕೀಲ_ಮಂಡ್ಯ:
88 ವರ್ಷದವನ ಅಪ್ಪ ಅಮ್ಮ ಅಷ್ಟೊತ್ತಿಗೆ ಇದ್ದಿರ್ತಾರಾ ಮೇಡಂ? ಹೆಂಡ್ತಿನೂ ಇದ್ದಳೋ ಇಲ್ವೋ. ಯಾರಿಗೆ ಅಂತ ವಾಪಸ್ ಕೊಡೋದು?

ಶರಾವತಿ_ಸಾಗರ:
ಇದ್ದಳೋ ಇಲ್ಲವೋ ಅಂತ ಅವನು ವಿಚಾರಿಸಲೂ ಇಲ್ಲ. ನನಗೆ ಸಂಕಟ ಅದೇ. ದೇವರು ಕ್ಷಮಿಸಬಾರದು ಅಂತ ನಾನು ಎಲ್ಲೂ ಬರೆದಿಲ್ಲ. ದೇವರ ಕ್ಷಮೆಯನ್ನು ತೋರಿಸಿ ನೊಂದವರ ಬಾಯಿ ಮುಚ್ಚಿಸಬೇಡಿ ಅಂತ ಬರೆದೆ.

ದಾಸಾನುದಾಸ:
ಯಾರೂ ಬಾಯಿ ಮುಚ್ಚಿಸುತ್ತಿಲ್ಲ ತಾಯಿ. ದ್ವೇಷ ಇಟ್ಟುಕೊಂಡರೆ ಅವರ ಮನಸ್ಸಿಗೇ ಕಷ್ಟ ಅಂತ ಹಿರಿಯರು ಹೇಳುತ್ತಾರೆ.

ಶರಾವತಿ_ಸಾಗರ:
"ದ್ವೇಷ" ಅನ್ನುವುದು ನಿಮ್ಮ ಮಾತು. ಅವರು ದೊಡ್ಡಪ್ಪನಿಗೆ ಎರಡು ಹೊತ್ತು ಊಟ ಬಡಿಸುತ್ತಾರೆ, ಬಿ.ಪಿ. ಮಾತ್ರೆ ನೆನಪಿಸುತ್ತಾರೆ. ಮಾತಾಡುವುದಿಲ್ಲ, ಅಷ್ಟೇ. ಅದಕ್ಕೂ ಅವರಿಗೆ ಹಕ್ಕಿಲ್ಲವಾ?

ಧಾರವಾಡ_ಮಾಸ್ತರ:
ಅಕ್ಕಾರ, ಹಕ್ಕೈತಿ. ಪದ್ಮಪುರಾಣದಾಗ 10 ನಾಮಾಪರಾಧ ಹೇಳ್ಯಾರ. ನಾಮದ ಬಲ ಐತಿ ಅಂತ ನೆಚ್ಚಿ ಪಾಪ ಮಾಡೂದು ಅದರಾಗ ಒಂದು. ಆ ಪ್ರವಚನಕಾರರು ಅದನ್ನೂ ಹೇಳಬೇಕಾಗಿತ್ತು. ಅಜಾಮಿಳ ಮುಂದ ಅನುಕೂಲ ಆಗ್ತದ ಅಂತ ಮಗಗ ಆ ಹೆಸರ ಇಟ್ಟಿರಲಿಲ್ಲ.

ದಾಸಾನುದಾಸ:
ಲೆಕ್ಕ ಹಾಕಿ ಹೆಸರಿಡಲಿಲ್ಲ ಅಂತ ನೀವೇ ಒಪ್ಪಿದಿರಿ. ಕೇಳದೆಯೇ ಸಿಕ್ಕಿತು ಅಂತಾಯಿತು. ನಾನು ಮೊದಲಿಂದ ಹೇಳುತ್ತಿರುವುದೂ ಅದನ್ನೇ.

ಧಾರವಾಡ_ಮಾಸ್ತರ:
ಒಪ್ಪಿದ್ದು ಹೆಸರಿನ ಮಾತಿಗೆ. ವಿಮಾನದ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ದಾಸಾನುದಾಸ:
3ನೇ ಅಧ್ಯಾಯ ಓದಿ. ಯಮನೇ ತನ್ನ ದೂತರಿಗೆ ಹೇಳುತ್ತಾನೆ: ಯಾರ ನಾಲಿಗೆ ಒಮ್ಮೆಯೂ ಹರಿನಾಮ ನುಡಿಯಲಿಲ್ಲವೋ, ಯಾರ ತಲೆ ಒಮ್ಮೆಯೂ ಬಾಗಲಿಲ್ಲವೋ ಅವರನ್ನು ಮಾತ್ರ ಎಳೆದು ತನ್ನಿ ಅಂತ. ದಂಡಿಸುವ ಯಮನಿಗೇ ಇಲ್ಲದ ತಕರಾರು ನಿಮಗೆ ಯಾಕೆ?

ಶರಾವತಿ_ಸಾಗರ:
ಯಮನಿಗೆ ಅವನು ಏನೂ ಮಾಡಿರಲಿಲ್ಲ. ಬಿಟ್ಟುಹೋದದ್ದು ಹೆಂಡತಿಯನ್ನು.

ವಕೀಲ_ಮಂಡ್ಯ:
ಮೇಷ್ಟ್ರೇ, ಗಂಗಾದ್ವಾರದಲ್ಲಿ ಎಷ್ಟು ಕಾಲ ಇದ್ದ ಅಂತೇನಾದ್ರೂ ಇದೆಯಾ? ನನಗೆ ಸಿಗ್ತಿಲ್ಲ.

ಧಾರವಾಡ_ಮಾಸ್ತರ:
ವರ್ಷದ ಎಣಿಕಿ ಕೊಟ್ಟಿಲ್ಲ ವಕೀಲರ. ಇಂದ್ರಿಯ ಹಿಡದ, ಮನಸ್ಸ ನಿಲ್ಲಿಸಿದ, ಆಮ್ಯಾಲ ಹಿಂದ ನೋಡಿದ್ದ ಅವ ನಾಲ್ಕು ಮಂದಿ ವಿಷ್ಣುದೂತರ ಮತ್ತ ಎದುರಿಗೆ ಬಂದ್ರು, ನಮಸ್ಕಾರ ಮಾಡಿದ ಅಂತೈತಿ. ಗುರುತ ಹಿಡದನಲ್ಲ, ಅಂದ್ರ ಮೊದಲನೇ ಸಲ ಅವರು ಬಿಟ್ಟು ಹೋಗಿದ್ರು ಅಂತಾತು. ದಾಸರು ಇದಕ್ಕೇನಂತಾರ?