‘ಬರೀ ವಾಟ್ಸಾಪ್‌ಗೆ 49 ರೂಪಾಯಿ’: ಮನೆ ಗುಂಪಿನ ಜಗಳ

(ಕಲಬುರಗಿಯ ನಮ್ಮ ಮನೆತನದ ಗುಂಪು. ಭಾನುವಾರದ ಗುಡ್ ಮಾರ್ನಿಂಗ್ ಚಿತ್ರಗಳನ್ನು ತೆಗೆದಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ.)

ಸಣ್ಣ ಕಾಕಾ: [ಫಾರ್ವರ್ಡ್] ಬಡವರಿಗೆ ಬೇಕಿರುವುದು ವಾಟ್ಸಾಪ್ ಒಂದೇ!! 49 ರೂಪಾಯಿಗೆ ತಿಂಗಳಿಡೀ ವಾಟ್ಸಾಪ್ ಕೊಡಲು ಕಂಪನಿಗಳು ತಯಾರಿವೆ. ನೆಟ್ ನ್ಯೂಟ್ರಾಲಿಟಿ ಅನ್ನುವ ಕಾನೂನು ಬಿಡುತ್ತಿಲ್ಲ. ಕೆಳಗಿನ ಲಿಂಕ್ ಒತ್ತಿ ಸಹಿ ಹಾಕಿ. 10 ಜನರಿಗೆ ಕಳಿಸಿ.

ಸಣ್ಣ ಕಾಕಾ: ಎಲ್ಲರೂ ಹಾಕಿರಿ. ನಂದು ಆಯ್ತು.

ಅತ್ತಿ: ನಾನೂ ಹಾಕಿದೆ. ಪುಣೆಯಲ್ಲಿರುವ ಮೊಮ್ಮಗಳ ಮುಖ ನೋಡುವುದು ಬಿಟ್ಟರೆ ನನಗೆ ಫೋನಿನಲ್ಲಿ ಬೇರೆ ಏನು ಕೆಲಸ? ಅದಕ್ಕೆ ಇಷ್ಟು ರೊಕ್ಕ ಯಾಕೆ ಕೊಡಬೇಕು?

ನಾನು: ಕಾಕಾ, ಅರ್ಧ ನಿಜ ಇದೆ. ಬರೀ ವಾಟ್ಸಾಪ್ ನಡೆಯುವ ಪ್ಯಾಕ್ ಮಾರುವ ಹಾಗಿಲ್ಲ, ಹೌದು. 2016ರ ಫೆಬ್ರವರಿ 8ಕ್ಕೆ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ನಿಯಮ ಮಾಡಿದೆ. ಒಂದು ಆ್ಯಪ್‌ಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಹಾಕಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಆದರೆ 49ಕ್ಕೆ ಸಣ್ಣ ಪ್ಯಾಕ್ ಕೊಡಬೇಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಬೇಕಾದರೆ ಇವತ್ತೇ ಕೊಡಬಹುದು. ಅದರಲ್ಲಿ ಅತ್ತಿ ಏನು ನೋಡಬೇಕು ಅನ್ನುವುದನ್ನು ಕಂಪನಿ ತೀರ್ಮಾನ ಮಾಡಬಾರದು, ಅಷ್ಟೇ. ನೆಟ್ ನ್ಯೂಟ್ರಾಲಿಟಿ ಅಂದರೆ ಅದೇ.

ಸಣ್ಣ ಕಾಕಾ: ಕೊಡಬಹುದು ಅಂತೀ, ಯಾರು ಕೊಟ್ಟಿದ್ದಾರೆ? ಫೇಸ್‌ಬುಕ್‌ನವರು ಪುಕ್ಕಟೆ ಕೊಡಲು ಬಂದಿದ್ದರು. ನಿಮ್ಮಂಥ ಓದಿದವರೇ ಬೇಡ ಅಂದಿರಿ.

ನಾನು: ಕೆಲವೇ ವೆಬ್‌ಸೈಟ್ ಪುಕ್ಕಟೆ ಕೊಡುವ ಆ ಫ್ರೀ ಬೇಸಿಕ್ಸ್ ಮಾತಾ? ಅದರಲ್ಲಿ ಯಾವ ವೆಬ್‌ಸೈಟ್ ಇರಬೇಕು ಅನ್ನುವ ಷರತ್ತು ಫೇಸ್‌ಬುಕ್‌ನದು. ಉಳಿದದ್ದು ಬೇಕಾದರೆ ದುಡ್ಡು ಕೊಡಿ. 2015ರ ಡಿಸೆಂಬರ್‌ನಲ್ಲಿ ಪೇಪರಿನ ತುಂಬ ಜಾಹೀರಾತು ಬಂದಿದ್ದವು, ನೆನಪಿದೆಯಾ? ಬಡವರ ಮೇಲಿನ ಪ್ರೀತಿಗೆ ಅಷ್ಟು ದೊಡ್ಡ ಜಾಹೀರಾತು ಯಾರಾದರೂ ಕೊಡುತ್ತಾರಾ?

ಅಣ್ಣ: ಕಾಕಾ, ಇನ್ನೊಂದು ಮಾತು. ಆ ಸಹಿಯ ಲಿಂಕ್ ಒತ್ತಿದರೆ ಎಲ್ಲಿ ತೆರೆಯಿತು?

ಸಣ್ಣ ಕಾಕಾ: ಕ್ರೋಮ್‌ನಲ್ಲಿ. ಯಾಕೆ?

ಅಣ್ಣ: ಬರೀ ವಾಟ್ಸಾಪ್ ಪ್ಯಾಕ್ ಇದ್ದರೆ ಅದು ತೆರೆಯುತ್ತಲೇ ಇರಲಿಲ್ಲ 😄 ಅತ್ತಿ ಬೆಳಿಗ್ಗೆ ಕಳಿಸುವ ಪ್ರವಚನದ ಯೂಟ್ಯೂಬ್ ಲಿಂಕೂ ಅಷ್ಟೇ. ನಾನು ಗಂಜ್‌ನ (ಧಾನ್ಯದ ಮಾರುಕಟ್ಟೆಯ) ತೊಗರಿ ರೇಟ್ ಹಾಕುವ ಪೇಜ್ ಅಂತೂ ಕೇಳಲೇಬೇಡಿ.

ಅತ್ತಿ: ಪ್ರವಚನ ಬರೋದಿಲ್ಲವಾ? ಇದನ್ನು ಮೊದಲೇ ಹೇಳಬೇಕಿಲ್ಲೇನು?

ನಾನು: ಕಾಕಾ, ನಿಮ್ಮ ಗಂಜ್‌ನಲ್ಲೇ ನೋಡಿ. ಹಮಾಲರು ಚೀಲದ ಲೆಕ್ಕದಲ್ಲಿ ಕೂಲಿ ತಗೊಳ್ಳುತ್ತಾರೆ. ಒಳಗೆ ಯಾರ ಮಾಲು ಅಂತ ಕೇಳುತ್ತಾರಾ?

ಸಣ್ಣ ಕಾಕಾ: ನೀ ಗಂಜ್‌ಗೆ ಬಂದು ಎಷ್ಟು ದಿನ ಆಯ್ತು? ತೊಗರಿ ಚೀಲಕ್ಕೆ ಬೇರೆ, ಹತ್ತಿ ಅಂಡಿಗೆಗೆ ಬೇರೆ.

ನಾನು: ಅದು ಭಾರ, ಗಾತ್ರದ ಮೇಲೆ. ಸರಿನೇ. ಜಾಸ್ತಿ ಡೇಟಾಗೆ ಜಾಸ್ತಿ ದುಡ್ಡು ಅಂದರೆ ನಿಯಮ ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಅಂಗಡಿಗೆ ಇಳಿಸಿದರೆ 10, ಎದುರಿನವರಿಗೆ ಇಳಿಸಿದರೆ ಪುಕ್ಕಟೆ ಅಂದರೆ ನೀವು ಸುಮ್ಮನಿರುತ್ತೀರಾ?

(ಇಲ್ಲಿ ಕಾಕಾ ಸ್ವಲ್ಪ ಹೊತ್ತು ‘ಟೈಪಿಂಗ್’ ತೋರಿಸುತ್ತಿದ್ದರು. ಏನೂ ಬರಲಿಲ್ಲ. ಆ ಜಾಗದಲ್ಲಿ ಭಾವ ಬಂದರು.)

ಭಾವ: ನಾನು ಟವರ್ ಕೆಲಸದವನು, ನನ್ನದೂ ಕೇಳಿ. ಸೇಡಂ ರಸ್ತೆಯಲ್ಲಿ ಕೇಬಲ್ ಹಾಕಲು ಕರಿಮಣ್ಣು ಅಗೆದರೆ ಮಳೆಗಾಲದಲ್ಲಿ ಮತ್ತೆ ಕೂರುತ್ತದೆ, ಮತ್ತೆ ಅಗೆಯಬೇಕು. ಖರ್ಚೆಲ್ಲ ಟೆಲಿಕಾಂ ಕಂಪನಿದು. ಅದರ ಮೇಲೆ ಓಡುವುದು ಬಹುಪಾಲು ವಿಡಿಯೋ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನವರು ಒಂದು ಪೈಸೆ ಕೊಡುವುದಿಲ್ಲ. ಅವರೂ ಪಾಲು ಕೊಟ್ಟರೆ ಜನರ ರಿಚಾರ್ಜ್ ಇಳಿಯುತ್ತದೆ.

ನಾನು: ಭಾವ, ಆ ವಿಡಿಯೋ ನೋಡಲು ಅತ್ತಿ ಆಗಲೇ ದುಡ್ಡು ಕೊಟ್ಟಾಗಿದೆ. ಒಂದೇ ಡೇಟಾಗೆ ಎರಡು ಕಡೆ ವಸೂಲಿ ಆಯ್ತಲ್ಲ? ದಕ್ಷಿಣ ಕೊರಿಯಾದಲ್ಲಿ ಇಂಥ ಶುಲ್ಕ ಇದೆ. ಅದು ಭಾಳ ದುಬಾರಿ ಅಂತ ಹೇಳಿ ಟ್ವಿಚ್ ಅನ್ನುವ ಲೈವ್ ವಿಡಿಯೋ ಕಂಪನಿ 2024ರ ಫೆಬ್ರವರಿಯಲ್ಲಿ ಆ ದೇಶವನ್ನೇ ಬಿಟ್ಟು ಹೋಯಿತು. ದೊಡ್ಡವರ ಪಾಡೇ ಹೀಗಾದರೆ ಹೊಸದಾಗಿ ಶುರುಮಾಡುವವರು ಏನು ಮಾಡಬೇಕು?

ಭಾವ: ಆ ಪಾಲು ದೊಡ್ಡವರಿಗೆ ಮಾತ್ರ ಅಂತ ಮಾಡಬಹುದು.

ನಾನು: ದೊಡ್ಡವರು ಯಾರು ಅಂತ ಯಾರು ಹೇಳುತ್ತಾರೆ? ಮತ್ತೆ ರಿಚಾರ್ಜ್ ಇಳಿಯುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಏನು?

ಸಣ್ಣ ಕಾಕಾ: ಬರೀ ಪ್ರಶ್ನೆ ಕೇಳ್ತೀಯಲ್ಲ. ರೇಟ್ ಏರಿದ್ದು ಯಾಕೆ, ಅದನ್ನು ಹೇಳು ಮೊದಲು.

ನಾನು: ಹೇಳುತ್ತೇನೆ. 2016ಕ್ಕೆ ಮುಂಚೆ 1 ಜಿಬಿಗೆ 250 ರೂಪಾಯಿ ಆಸುಪಾಸು ಇತ್ತು. ಈ ನಿಯಮ ಬಂದು ಏಳು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ರೇಟ್ ಧಡಕ್ಕನೆ ಬಿತ್ತು. ಅಂದರೆ ನಿಯಮ ಇದ್ದಾಗಲೇ ಅಗ್ಗ ಆಯ್ತು, ಪೈಪೋಟಿಯಿಂದ. ಆಮೇಲೆ ಏರ್‌ಸೆಲ್ ಮುಳುಗಿತು. ಟಾಟಾ ಡೊಕೊಮೊ ಏರ್‌ಟೆಲ್‌ಗೆ ಸೇರಿತು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. ಖಾಸಗಿಯವರು ಮೂರೇ ಉಳಿದರು. 2024ರ ಜುಲೈನಲ್ಲಿ ಮೂವರೂ ಒಂದೆರಡು ದಿನದ ಅಂತರದಲ್ಲಿ ಏರಿಸಿದರು. ಜಿಯೋದ 239 ರೂಪಾಯಿ ಪ್ಯಾಕ್ 299 ಆಯ್ತು. ಇದರಲ್ಲಿ ನೆಟ್ ನ್ಯೂಟ್ರಾಲಿಟಿ ಕೈ ಎಲ್ಲಿದೆ? ದರ ಎಷ್ಟಿರಬೇಕು ಅಂತ ಟ್ರಾಯ್ ಹೇಳುವುದಿಲ್ಲ, ಕಂಪನಿಗಳಿಗೇ ಬಿಟ್ಟಿದೆ.

ಅಣ್ಣ: 28 ದಿನದ ಆಟ ಬೇರೆ. ವರ್ಷಕ್ಕೆ 12 ತಿಂಗಳು, ರಿಚಾರ್ಜ್ 13.

ನಾನು: ಅದಕ್ಕೆ ಜನ ದೂರು ಕೊಟ್ಟರು. 2022ರ ಜನವರಿಯಲ್ಲಿ ಟ್ರಾಯ್, 30 ದಿನದ ಪ್ಯಾಕ್ ಒಂದಾದರೂ ಇಡಲೇಬೇಕು ಅಂತು. 2024ರ ಡಿಸೆಂಬರ್‌ನಲ್ಲಿ ಬರೀ ಕರೆ, ಎಸ್ಸೆಮ್ಮೆಸ್ ಇರುವ ಪ್ಯಾಕ್ ಇಡಬೇಕು ಅಂತು. ನಮ್ಮ ಅಜ್ಜನ ಬಟನ್ ಫೋನಿಗೆ ಅಂಥದ್ದೇ ಬೇಕು. ಡೇಟಾ ಯಾಕೆ ಬೇಕು ಅವರಿಗೆ? ಕೇಳುವುದಿದ್ದರೆ ಹೀಗೆ ಕೇಳಬೇಕು ಕಾಕಾ: ತಿಂಗಳಿಗೆ 2 ಜಿಬಿಯ ಸಣ್ಣ ಪ್ಯಾಕ್, ಕಡಿಮೆ ದರಕ್ಕೆ, ಏನು ಬೇಕಾದರೂ ನೋಡುವ ಹಾಗೆ. ಉಳಿದ ಡೇಟಾ ರಾತ್ರಿ 12ಕ್ಕೆ ಮಾಯ ಆಗಬಾರದು.

ಅತ್ತಿ: ಇದು ಬೇಕು. ಎಲ್ಲಿ ಒತ್ತಬೇಕು?

ಸಣ್ಣ ಕಾಕಾ: ತಡಿ ಅಕ್ಕ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಅಂಗಡಿಯ ಹುಡುಗನ ಕೈಯಲ್ಲಿ ತಿಂಗಳ ಕೊನೆಗೆ 50 ರೂಪಾಯಿ ಇದ್ದರೆ ಹೆಚ್ಚು. ಅವನಿಗೆ ವಾಟ್ಸಾಪ್ ಆದರೂ ಸಿಗಲಿ ಅನ್ನುವುದು ತಪ್ಪಾ?

ನಾನು: ತಪ್ಪಲ್ಲ. ಅವನಿಗೆ ಪಿಎಂ ಕಿಸಾನ್ ಸ್ಟೇಟಸ್ ನೋಡುವುದೂ ಇರುತ್ತದೆ, ಅಲ್ವಾ? ಅವನಿಗೆ ಯಾಕೆ ಅರ್ಧ ಇಂಟರ್ನೆಟ್?

ಸಣ್ಣ ಕಾಕಾ: ಹ್ಞೂಂ. ನೀ ಹೇಳಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡು, ಟ್ರಾಯ್‌ಗೆ ಕಳಿಸೋಣ. ಗಂಜ್‌ನಲ್ಲಿ ನಾಲ್ಕು ಜನರ ಸಹಿ ನಾನು ತರುತ್ತೇನೆ. ಆ ಯೂಟ್ಯೂಬ್ ಪಾಲಿನ ವಿಷಯ ಮಾತ್ರ ಹಾಕಬೇಡ, ನಿನ್ನ ಭಾವ ಸಿಟ್ಟಾಗುತ್ತಾರೆ.

ಭಾವ: ಹಾಕಲಿ ಬಿಡ್ರಿ ಮಾವ. ಅದರ ಕೆಳಗೆ ನನ್ನದೂ ಒಂದು ಪುಟ ಇರುತ್ತದೆ.