ಒಡೆದ ಸಂಘಟನೆ ಒಂದಾಗಬೇಕಾದರೆ ಮೊದಲು ಏನು ಮಾತಾಡಬೇಕು?

ಮಂಡ್ಯದಿಂದ:
ನಮ್ಮದು ಚಿಕ್ಕ ಸಮಾಜವಾದಿ ಸಂಘಟನೆ. ಹಳ್ಳಿ ಹುಡುಗರು, ಒಂದಿಬ್ಬರು ಮೇಷ್ಟ್ರು, ಒಬ್ಬರು ವಕೀಲರು. ಕಳೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಬೆಂಬಲ ಕೊಡಬೇಕೋ ಬೇಡವೋ ಅಂತ ಜಗಳ ಶುರುವಾಗಿ ಎರಡು ಬಣ ಆಯಿತು. ಕಾವೇರಿ ಧರಣಿ ಅಂದರೆ ಸರ್ ಎಂವಿ ಪ್ರತಿಮೆ ಎದುರು ಒಂದೇ ಹೆಸರಿನ ಎರಡು ಬ್ಯಾನರ್. ಅವರು ಎದ್ದು ಹೋದ ಮೇಲೆ ನಾವು ಕೂರೋದು! ಈಗ ಎರಡೂ ಕಡೆ ಒಂದಾಗುವ ಮನಸ್ಸಿದೆ. ಮೊದಲು ತತ್ವ ಮಾತಾಡೋದೋ, ಅಧ್ಯಕ್ಷ ಯಾರು ಅನ್ನೋದೋ?

ಉತ್ತರ 1:
ಅಧ್ಯಕ್ಷಗಿರಿ ಬಿಟ್ಟುಕೊಡಿ, ಎಲ್ಲ ಸರಿಹೋಗುತ್ತೆ. ತತ್ವ ಅನ್ನೋದೆಲ್ಲ ಸುಮ್ನೆ ನೆಪ.

ಉತ್ತರ 2, ಮೈಸೂರಿನಿಂದ:
ಅಷ್ಟು ಸಲೀಸಲ್ಲಪ್ಪ. 1952ರ ಚುನಾವಣೆಯಲ್ಲಿ ಪೆಟ್ಟು ತಿಂದ ಸೋಷಲಿಸ್ಟರು ಕೃಪಲಾನಿಯವರ ಪಕ್ಷದ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷ, ಅಂದರೆ ಪಿಎಸ್‌ಪಿ ಆದರು. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ (ಕೇರಳ ಆಗುವ ಮೊದಲಿನ ರಾಜ್ಯ) ಅವರದೇ ಸರ್ಕಾರದ ಪೊಲೀಸರು ಗೋಲಿಬಾರ್ ಮಾಡಿದರು. ಪಕ್ಷದ ಪ್ರಧಾನ ಕಾರ್ಯದರ್ಶಿ ಲೋಹಿಯಾ ಜೈಲಿನಿಂದಲೇ ಮುಖ್ಯಮಂತ್ರಿ ಪಟ್ಟಂ ತಾಣು ಪಿಳ್ಳೈ ಅವರ ರಾಜೀನಾಮೆ ಕೇಳಿದರು. ಪಕ್ಷ ಒಪ್ಪಲಿಲ್ಲ. 1955 ಮುಗಿಯುವ ಹೊತ್ತಿಗೆ ಲೋಹಿಯಾ ಪಕ್ಷವೇ ಬೇರೆ. 1964ರಲ್ಲಿ ಎರಡೂ ಪಕ್ಷ ಕೂಡಿ ಸಂಯುಕ್ತ ಸೋಷಲಿಸ್ಟ್ ಪಕ್ಷ, ಅಂದರೆ ಎಸ್‌ಎಸ್‌ಪಿ ಆದರು. ಮರುವರ್ಷವೇ ಬನಾರಸ್ ಅಧಿವೇಶನದಲ್ಲಿ ಒಂದು ಪಾಲು ಎದ್ದು ಹೋಯಿತು. 1971ರಲ್ಲಿ ಮತ್ತೆ ಕೂಡಿಕೆ.

ಕುರ್ಚಿ ಜಗಳ ಇರಲಿಲ್ಲ ಅಂತ ನಾನು ಹೇಳಲ್ಲ, ಇತ್ತು. ಆದರೆ ನಮ್ಮವರೇ ಅಧಿಕಾರದಲ್ಲಿ ಕೂತು ತಪ್ಪು ಮಾಡಿದರೆ ಏನು ಮಾಡೋದು, ಕಾಂಗ್ರೆಸ್ಸಿಗೆ ಎಷ್ಟು ಹತ್ತಿರ ಇರೋದು, ಇದನ್ನು ಇತ್ಯರ್ಥ ಮಾಡದೆಯೇ ಕೈ ಕುಲುಕಿದರು. ನಿಮ್ಮದೂ ಅದೇ ಕಥೆ ಅಲ್ವಾ? ಬೆಂಬಲ ಯಾರಿಗೆ ಅಂತ ತೀರ್ಮಾನ ಮಾಡೋದು ಸರ್ವಸದಸ್ಯರ ಸಭೆಯೋ ಪದಾಧಿಕಾರಿಗಳೋ? ಮೊದಲು ಅದನ್ನು ಬರೆದುಕೊಳ್ಳಿ.

ಆಮೇಲೆ ರಸೀದಿ ಪುಸ್ತಕ, ಪಾಸ್‌ಬುಕ್, ಸೀಲು. ನಾನಿದ್ದ ಗುಂಪು ಒಡೆದಾಗ ಸೀಲು ಒಬ್ಬರ ಬೀರುವಿನಲ್ಲಿ, ಲೆಟರ್‌ಹೆಡ್ ಇನ್ನೊಬ್ಬರ ಮನೆಯಲ್ಲಿ. ಒಂದು ಬಣ ಬಿಳಿ ಹಾಳೆ ಮೇಲೆ ಸೀಲು ಒತ್ತಿ ಹೇಳಿಕೆ ಕೊಡುತ್ತಿತ್ತು. ಇನ್ನೊಂದರದು ಚೆಂದದ ಲೆಟರ್‌ಹೆಡ್, ಸೀಲಿಲ್ಲ. ಪೇಪರಿನವರು ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದರು, ಒಂದರ ಕೆಳಗೊಂದು.

ಉತ್ತರ 3, ಪಾಂಡವಪುರದಿಂದ:
ಅಣ್ಣ ಹೇಳಿದ್ದು ಸರಿ. 1980ರಲ್ಲಿ ಹುಟ್ಟಿದ ರೈತ ಸಂಘದ್ದೂ ನೋಡಿ. ಅದರ ಮುಖಂಡರಲ್ಲಿ ನಂಜುಂಡಸ್ವಾಮಿಯವರು ಸಮಾಜವಾದಿ ಯುವಜನ ಸಭಾದಿಂದ ಬಂದವರು, ನಮ್ಮ ಪುಟ್ಟಣ್ಣಯ್ಯನವರು ಹಳ್ಳಿಯಿಂದ ಎದ್ದವರು. ದಾರಿ ಬೇರೆಯಾಯಿತು, ಹೆಗಲ ಮೇಲಿನ ಹಸಿರು ಟವೆಲ್ ಮಾತ್ರ ಎರಡೂ ಕಡೆ ಉಳಿಯಿತು. ಕಬ್ಬಿನ ಬಾಕಿ ಕೇಳೋಕೆ ಹೋದಾಗ ನೀನು ಯಾವ ಬಣ ಅಂತ ಯಾರೂ ಕೇಳಲ್ಲ. ವಿಲೀನ ನಿಧಾನಕ್ಕಾಗಲಿ. ಮೊದಲು ಒಂದು ಕೆಲಸ ಒಟ್ಟಿಗೆ ಮಾಡಿ.

ಮಂಡ್ಯದಿಂದ:
ಸೀಲು ನಮ್ಮ ಹತ್ತಿರ ಇದೆ, ಪಾಸ್‌ಬುಕ್ ಅವರ ಹತ್ತಿರ. ಸಭೆಗೆ ಎರಡೂ ತರೋಕೆ ಹೇಳ್ತೀನಿ. ಸಭೆಯ ತೀರ್ಮಾನದಲ್ಲಿ ಸೋತ ಕಡೆಯವರು ಹೊರಗೆ ಬೇರೆ ಮಾತಾಡಬಹುದಾ ಸಾರ್?

ಮೈಸೂರಿನಿಂದ:
ಮಾತಾಡಲಿ. ಸ್ವಂತ ಹೆಸರಲ್ಲಿ, ಸೀಲು ಒತ್ತದೆ.