ಗೆಸ್ಟ್ ಬಂದಾರೆ, ಸ್ವಲ್ಪ ಸುಮ್ನಿರ್ರಿ!

ದಾವಣಗೆರೆಯ ಒಂದು ಮಂಡಕ್ಕಿ ಅಂಗಡಿ, ಸಂಜೆ ಹೊತ್ತು. ಬೆಂಚಿನ ಮೇಲೆ ಮೂರು ಜನ. ಊರೂರು ಒಬ್ಬರೇ ತಿರುಗೋ ರಿಟೈರ್ಡ್ ಮೇಷ್ಟ್ರು, ಪ್ರವಾಸಿಗರನ್ನ ಮನೇಲಿ ಉಳಿಸ್ಕೊಳ್ಳೋ ಅಕ್ಕ, ಇನ್ಶೂರೆನ್ಸ್ ಏಜೆಂಟ್ ಅಣ್ಣ. ಅಣ್ಣನ ಮಹಡಿ ರೂಮು ಖಾಲಿ ಬಿದ್ದೈತೆ.

ಏಜೆಂಟ್: ಅಕ್ಕ, ನಾನೂ ಶುರು ಮಾಡ್ಲೇನು? ದಿನಕ್ಕೆ ಐನೂರು ಅಂತ ಹಿಡಿದ್ರೂ...

ಅಕ್ಕ: ಅಲ್ಲೇ ನಿಲ್ಸು. ದುಡ್ಡು ಇಸ್ಕೊಂಡ್ರೆ ಅದು ಹೋಂಸ್ಟೇ. ಅದರ ನೋಂದಣಿ, ಲೆಕ್ಕಪತ್ರ ಎಲ್ಲಾ ಬೇರೆ. ನಾನು ಹೇಳೋದು ಪುಕ್ಕಟೆ ಉಳಿಸ್ಕೊಳ್ಳೋದು.

ಏಜೆಂಟ್: ಪುಕ್ಕಟೆನಾ? ಅದಕ್ಕೆ ಬೇಸಿಗೆ ರಜೆಗೆ ಬರೋ ನಾದಿನಿ ಮಕ್ಕಳೇ ಸಾಕಲ್ಲ!

ಮೇಷ್ಟ್ರು: ಅವರು ಉಂಡ ತಟ್ಟೆ ತೊಳೀತಾರೇನಯ್ಯ? ಇವರು ತೊಳೀತಾರೆ. ಇದೇನು ನಿನ್ನೆ ಮೊನ್ನೇದಲ್ಲ. ಸರ್ವಾಸ್ ಅನ್ನೋ ಸಂಸ್ಥೆ 1949ರಲ್ಲೇ ಡೆನ್ಮಾರ್ಕಲ್ಲಿ ಹುಟ್ಟಿತು. ಮಹಾಯುದ್ಧ ಮುಗಿದು ನಾಲ್ಕು ವರ್ಷ ಆಗಿತ್ತು ನೋಡು. ಒಬ್ಬನ ಮನೇಲಿ ಎರಡು ರಾತ್ರಿ ಉಂಡು ಮಲಗಿದೋನಿಗೆ ಅವನ ಊರಿನ ಮೇಲೆ ಬಾಂಬ್ ಹಾಕೋಕೆ ಕೈ ಬರಲ್ಲ ಅನ್ನೋ ಲೆಕ್ಕ. ಸದಸ್ಯ ಆಗ್ಬೇಕಾದ್ರೆ ಸಂದರ್ಶನ ಬೇರೆ ಐತೆ.

ಏಜೆಂಟ್: ಮಲಗೋಕೂ ಇಂಟರ್‌ವ್ಯೂ!

ಅಕ್ಕ: ಈಗಿನ ಹುಡುಗರಿಗೆ ಗೊತ್ತಿರೋದು ಕೌಚ್‌ಸರ್ಫಿಂಗ್, ಉಳಿಯೋರನ್ನೂ ಉಳಿಸ್ಕೊಳ್ಳೋರನ್ನೂ ಸೇರ್ಸೋ ವೆಬ್‌ಸೈಟು. 2020ರ ಮೇ ತಿಂಗಳಲ್ಲಿ ಚಂದಾ ಕೇಳೋಕೆ ಶುರು ಮಾಡಿದ್ರು, ಆಗ ಬಹಳ ಜನ ಬಿವೆಲ್‌ಕಮ್, ಟ್ರಸ್ಟ್‌ರೂಟ್ಸ್ ಕಡೆ ಎದ್ದು ಹೋದ್ರು. ಅವು ಪುಕ್ಕಟೆ. ಸೈಕಲ್ ಮೇಲೆ ದೇಶ ಸುತ್ತೋರಿಗೆ ವಾರ್ಮ್‌ಶವರ್ಸ್ ಅಂತ ಬೇರೇನೇ ಐತೆ. ಹೈವೇ ಪಕ್ಕದ ಊರು ನಮ್ದು, ಪುಣೆಯಿಂದ ಬೆಂಗಳೂರಿಗೆ ಹೈವೇ ಹಿಡಿದು ತುಳಿಯೋರು ದಾವಣಗೆರೆ, ಚಿತ್ರದುರ್ಗ ದಾಟ್ಲೇಬೇಕು. ನಿನಗೆ ಅದೇ ಸರಿ. ಸೈಕಲ್ ನಿಲ್ಸೋಕೆ ಮೆಟ್ಟಿಲ ಕೆಳಗೆ ಜಾಗ ಮಾಡು, ರಾತ್ರಿ ಬೀದೀಲಿ ಬಿಡ್ಬೇಡ.

ಏಜೆಂಟ್: ಪ್ರೊಫೈಲಲ್ಲಿ ಏನು ಬರೀಲಿ? 'ಸಕಲ ಸೌಲಭ್ಯವುಳ್ಳ ಸುಸಜ್ಜಿತ ಕೊಠಡಿ'...

ಅಕ್ಕ: ಅಯ್ಯೋ, ಪಾಲಿಸಿ ಮಾರಬೇಡಪ್ಪ! ಇಲ್ಲದ್ದನ್ನ ಮೊದಲು ಬರಿ. ಎಸಿ ಇಲ್ಲ. ಹತ್ತಿ ಹಾಸಿಗೆ, ನೆಲದ ಮೇಲೆ. ಇಂಡಿಯನ್ ಕಕ್ಕಸು. ಶವರ್ ಇಲ್ಲ, ಬಕೆಟ್ಟು ಚೊಂಬು. ನಲ್ಲಿ ನೀರು ದಿನಾ ಬರಲ್ಲ, ಡ್ರಮ್ಮಿಂದ ಹಿಡ್ಕೋಬೇಕು. ಮನೇಲಿ ಮಾಂಸ, ಮದ್ಯ ನಡೆಯಲ್ಲ ಅನ್ನೋದಿದ್ರೆ ಅದನ್ನೂ. ಇಷ್ಟು ಓದಿ ಬರೋನು ಬಂದ ಮೇಲೆ ಮುಖ ಸಿಂಡರಿಸಲ್ಲ.

ಮೇಷ್ಟ್ರು: ಓದಿದಾನೋ ಇಲ್ವೋ ಅಂತ ತಿಳಿಯೋಕೂ ಒಂದು ಉಪಾಯ ಐತೆ. ಪ್ರೊಫೈಲಿನ ನಡುವೆ ಒಂದು ಸಾಲು ಸೇರಿಸಿಡ್ತಾರೆ: 'ಮೆಸೇಜಲ್ಲಿ ಮಂಡಕ್ಕಿ ಅಂತ ಬರೀರಿ' ಅಂತ. ಒಂದೇ ಮೆಸೇಜು ನಲವತ್ತು ಮನೆಗೆ ಕಳ್ಸಿದೋನು ಅಲ್ಲೇ ಸಿಕ್ಕಿ ಬೀಳ್ತಾನೆ.

ಏಜೆಂಟ್: ಬರೆದ ಅಂತ ಇಟ್ಕೋ. ಒಳ್ಳೆಯವನು ಅಂತ ಹೆಂಗೆ ನಂಬೋದು?

ಅಕ್ಕ: ಅವನ ಬಗ್ಗೆ ಉಳಿದೋರು ಬರೆದಿರೋದು ಓದು. 'ನೈಸ್ ಗೈ' ಅಂತ ಎರಡು ಪದ ಇದ್ರೆ ಅದಕ್ಕೆ ಬೆಲೆ ಇಲ್ಲ. 'ಹೇಳಿದ ಟೈಮಿಗೆ ಬಂದ, ನಮ್ಮಜ್ಜಿ ಜೊತೆ ಚೌಕಾಬಾರ ಆಡಿದ' ಅಂತ ಇದ್ರೆ ಅದು ಜೀವ ಇರೋ ಮಾತು. ಹೆಂಗಸರು ಬರೆದಿರೋದನ್ನ ಎರಡು ಸಲ ಓದು. ಆಮೇಲೆ ಅವನು ಬೇರೆಯೋರ ಮನೆ ಬಗ್ಗೆ ಏನು ಬರೆದಾನೆ, ಅದನ್ನೂ. ಹೋದಲ್ಲೆಲ್ಲ ಕೊಂಕು ತೆಗೆದೋನು ನಿನ್ನನ್ನೇನು ಬಿಡ್ತಾನೆ? ಬರೋ ಮೊದಲು ಒಂದು ವಿಡಿಯೋ ಕಾಲ್ ಮಾಡು. ಎಷ್ಟು ರಾತ್ರಿ ಅಂತ ಆಗ್ಲೇ ಮಾತಾಡ್ಕೋ, ಎರಡೋ ಮೂರೋ. ಬೇಡ ಅನ್ನಿಸಿದ್ರೆ 'ಆ ದಿನ ಆಗಲ್ಲ' ಅಂದ್ರೆ ಮುಗೀತು, ಕಾರಣ ಕೊಡೋ ಸಾಲ ನಿನ್ನ ಮೇಲೇನಿಲ್ಲ.

ಮೇಷ್ಟ್ರು: ವಿದೇಶದೋರು ಬಂದ್ರೆ ಇನ್ನೊಂದು ಕೆಲಸ ಐತೆ. ಬಂದ 24 ಗಂಟೆ ಒಳಗೆ ಎಫ್‌ಆರ್‌ಆರ್‌ಓ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿ, ಅದರ ವೆಬ್‌ಸೈಟಲ್ಲಿ ತಿಳಿಸ್ಬೇಕು. ಮೊದಲು ಫಾರಂ ಸಿ ಅಂತಿದ್ರು, 2025ರಿಂದ ಅದು ಫಾರಂ 3.

ಏಜೆಂಟ್: (ಎದ್ದು ನಿಂತು) ಫಾರಂ! ಮೊದಲೇ ಹೇಳ್ಬಾರ್ದಾ ಮೇಷ್ಟ್ರೆ? ಅದು ನಮ್ಮ ಏರಿಯಾ!

ಅಕ್ಕ: ಕೂತ್ಕೋ, ನಾಮಿನಿ ಕಾಲಂ ಇಲ್ಲ ಅದ್ರಲ್ಲಿ. ಲಾಡ್ಜಿನೋರು ಮಾತ್ರ ಅಲ್ಲ, ಮನೆಯೋರೂ ತುಂಬ್ಬೇಕು. ಗೆಸ್ಟ್ ಬರೋ ವಾರ ಮೊದಲೇ ನಿನ್ನ ಹೆಸರು, ವಿಳಾಸ ಕೊಟ್ಟು ಲಾಗಿನ್ ಮಾಡಿಸ್ಕೋ. ಬಂದ ದಿನ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದ್ರೆ ಓಟಿಪಿ ಬರಲ್ಲ, ನೆಟ್ಟು ಕೈ ಕೊಡ್ತದೆ, ಇಬ್ಬರಿಗೂ ನಿದ್ದೆ ಇಲ್ಲ. ಪಾಸ್‌ಪೋರ್ಟ್ ಮತ್ತು ವೀಸಾದ ಫೋಟೋ ವಾಟ್ಸಾಪಲ್ಲಿ ಮೊದಲೇ ತರಿಸ್ಕೋ. ತಪ್ಪಾಗೋದು ಹೆಚ್ಚಾಗಿ ಹೆಸರಲ್ಲೇ. ಮನೆತನದ ಹೆಸರು ಒಂದು ಕಾಲಂ, ಅವರ ಹೆಸರು ಇನ್ನೊಂದು. ಪಾಸ್‌ಪೋರ್ಟಲ್ಲಿ ಹೆಂಗೈತೋ ಹಂಗೇ. ಇಂಡಿಯಾಕ್ಕೆ ಬಂದ ದಿನ ಬೇರೆ, ನಿನ್ನ ಮನೆಗೆ ಬಂದ ದಿನ ಬೇರೆ, ಅದನ್ನೂ ಅದಲು ಬದಲು ಮಾಡ್ತಾರೆ. ಬಾಡಿಗೆ ಮನೆ ಆಗಿದ್ರೆ ಓನರ್ ಕಿವಿಗೂ ಹಾಕ್ಬೇಕು.

ಏಜೆಂಟ್: ನಮ್ಮ ದೇಶದೋರೇ ಬಂದ್ರೆ?

ಅಕ್ಕ: ಗುರುತಿನ ಚೀಟಿ ನೋಡು, ಸಾಕು. ಆಧಾರ್ ಕೊಟ್ರೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೇಳು. ಈಗ ಹೇಳು, ಬಾತ್‌ರೂಮಲ್ಲಿ ಬಿಸಿನೀರಿಗೆ ಏನೈತೆ?

ಏಜೆಂಟ್: ಗ್ಯಾಸ್ ಗೀಸರ್. ಚಳಿ ಬರ್ತದೆ ಅಂತ ಕಿಟಕಿಗೆ ಪ್ಲಾಸ್ಟಿಕ್ ಶೀಟ್ ಬಡಿದೀವಿ.

ಅಕ್ಕ: ಇವತ್ತೇ ಕಿತ್ತು ಹಾಕು! ಗಾಳಿ ಸಾಲದೆ ಗ್ಯಾಸು ಅರೆಬರೆ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಬರ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ ಬೀಳೋವರೆಗೂ ಗೊತ್ತಾಗಲ್ಲ, ಒಳಗಿಂದ ಬೋಲ್ಟ್ ಹಾಕಿರ್ತಾರೆ. ಗೀಸರನ್ನ ಹೊರಗೋಡೆಗೆ ಕೂರ್ಸಿ, ಪೈಪಲ್ಲಿ ನೀರು ಒಳಗೆ ತಗೋ. ಬಕೆಟ್ಟಿಗೆ ಹಾಕೋ ಹೀಟರ್ ರಾಡಂತೂ ಗೆಸ್ಟ್ ಕೈಗೆ ಕೊಡ್ಲೇಬೇಡ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಬೇಕು ಅಂತ ಅವರಿಗೆ ಯಾರು ಹೇಳಿರ್ತಾರೆ? ನೀನೇ ಕಾಯ್ಸಿ ಕೊಡು.

ಮೇಷ್ಟ್ರು: ಕರೆಂಟೂ ಹಂಗೇ. ಫೋನ್ ಚಾರ್ಜರ್ ಮೇಲೆ 100–240 ಅಂತ ಬರೆದಿದ್ರೆ ಪಿನ್ ಹೊಂದ್ಸೋ ಅಡಾಪ್ಟರ್ ಸಾಕು. ಅಮೆರಿಕದಿಂದ ತಂದ ಕೂದಲು ಒಣಗ್ಸೋ ಮಷೀನು 120 ವೋಲ್ಟಿಂದಾದ್ರೆ ನಮ್ಮ 230ಕ್ಕೆ ಕೂದಲಿಗಿಂತ ಮೊದಲು ಅದೇ ಹೊಗೆ ಬಿಡ್ತದೆ.

ಅಂಗಡಿಯವ: ಮೆಣಸಿನಕಾಯಿ ಇನ್ನೊಂದು ಪ್ಲೇಟ್ ಹಾಕ್ಲಾ?

ಏಜೆಂಟ್: ಹಾಕು. ನೋಡಕ್ಕ, ಗೆಸ್ಟ್ ಇಳಿದ ಕೂಡ್ಲೇ ಇಲ್ಲಿಗೇ ಕರ್ಕೊಂಡು ಬರ್ತೀನಿ. ಬೆಳಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ರೊಟ್ಟಿ ಎಣಗಾಯಿ, ರಾತ್ರಿ ಮುದ್ದೆ. ಒಂದೇ ದಿನ ಚಿತ್ರದುರ್ಗದ ಕೋಟೆ, ಹರಿಹರ, ಸಂತೇಬೆನ್ನೂರು ಹೊಂಡ, ಸೂಳೆಕೆರೆ. ರಾತ್ರಿ ನಮ್ಮ ಮಾವನ ಮನೇಲಿ ಊಟ!

ಮೇಷ್ಟ್ರು: ಮರುದಿನ ಆಸ್ಪತ್ರೇಲಿ ಗ್ಲೂಕೋಸು. ಪಾಪ, ಬಂದೋನು ಏನು ತಪ್ಪು ಮಾಡಿದ್ನಯ್ಯ?

ಅಕ್ಕ: ನಮ್ಮೋರು ಕೆಡಿಸೋದೇ ಇಲ್ಲಿ. ಮನೇಲಿ ಉಳಿಯೋಕೆ ಬರೋನು ನಿಧಾನಕ್ಕೆ ತಿರುಗೋನು. ಅವನಿಗೆ ಮೆರವಣಿಗೆ ಬೇಡ. ಮೊದಲನೇ ದಿನ ಮೊಸರನ್ನ, ಬಾಳೆಹಣ್ಣು, ಕುದಿಸಿ ಆರಿಸಿದ ನೀರು. ಖಾರ ಎರಡನೇ ದಿನ. ಬಾಯಿ ಉರೀತು ಅಂದ್ರೆ ನೀರು ಕೊಡ್ಬೇಡ, ಮೆಣಸಿನಕಾಯಿ ಖಾರ ನೀರಿಗೆ ಕರಗಲ್ಲ. ಹಾಲೋ ಮೊಸರೋ ಕೊಡು. 'ಸಾಕು' ಅಂದ್ರೆ ಸಾಕು ಅಂತಾನೇ ತಿಳ್ಕೋ, ಇನ್ನೊಂದು ರೊಟ್ಟಿ ಹಾಕ್ಬೇಡ.

ಏಜೆಂಟ್: ಒಂದ್ಸಲ ಸಾಕು ಅಂದ್ರೆ ಅದನ್ನ ಲೆಕ್ಕಕ್ಕೆ ತಗೊಳ್ಳೋದಾ? ನಮ್ಮ ಕಡೆ ಮೂರು ಸಲ ಅನ್ಬೇಕು.

ಅಕ್ಕ: ಅದು ಅವರಿಗೆ ಹೆಂಗೆ ಗೊತ್ತಾಗ್ಬೇಕು? ಹೊಟ್ಟೆ ಕೆಟ್ರೆ ಓಆರ್‌ಎಸ್ ಪೊಟ್ಟಣ ಇಟ್ಕೋ. ಇಲ್ಲದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಟ್ಟಸ ಚಮಚ, ಗೋಪುರ ಅಲ್ಲ. ಉಪ್ಪು ಹೆಚ್ಚಾದ್ರೆ ಕೇಡು.

ಮೇಷ್ಟ್ರು: ಕೋಟೇನೂ ಹಂಗೆ ನೋಡೋದಲ್ಲ. ಏಳು ಸುತ್ತಿನದು ಅದು, ಅರ್ಧ ದಿನದಲ್ಲಿ ಮುಗ್ಸೋದು ಓಟ. ಎರಡು ಬೆಳಗ್ಗೆ ಇಟ್ಕೋಬೇಕು. ಬಾಗಿಲು ತೆಗೆದ ತಕ್ಷಣ ಒಳಗಿರ್ಬೇಕು, ಹನ್ನೊಂದರ ಮೇಲೆ ಬಂಡೆ ಕಾದು ಕಾವು ಕೆಳಗಿಂದಲೂ ಹೊಡೀತದೆ. ಮೊದಲನೇ ಬೆಳಗ್ಗೆ ಮದ್ದು ಬೀಸೋ ಕಲ್ಲು, ಏಕನಾಥೇಶ್ವರಿ, ಹಿಡಿಂಬೇಶ್ವರ. ಎರಡನೇ ಬೆಳಗ್ಗೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಓಬವ್ವನ ಕಿಂಡಿ. ಕಿಂಡಿ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡು. ಒಬ್ಬೊಬ್ಬರೇ ಬಗ್ಗಿ ನುಸೀಬೇಕು, ತಲೆ ಮೊದಲು ಹೊರಗೆ ಬರ್ತದೆ. ಹೈದರಾಲಿ ಸೈನಿಕರನ್ನ ಒಂದು ಒನಕೆ ಹೆಂಗೆ ತಡೀತು ಅಂತ ಗೈಡ್ ಇಲ್ಲದೇನೇ ತಿಳೀತದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಕೋತಿಗಳು ಕಾಯ್ತಿರ್ತಾವೆ. ಸಂಜೆಗೆ ಚಂದ್ರವಳ್ಳಿ. ಅಂಕಲಿ ಮಠದ ಗುಹೆ ಒಳಗೆ ಕತ್ತಲು, ಟಾರ್ಚ್ ಬೇಕು.

ಏಜೆಂಟ್: ಒಬ್ಬರೇ ಹೋದ್ರೆ ಬೇಜಾರಾಗಲ್ವಾ ಮೇಷ್ಟ್ರೆ?

ಮೇಷ್ಟ್ರು: ಇಬ್ಬರು ಹೋದ್ರೆ ಅವರವರೇ ಮಾತಾಡ್ಕೊಂತಾರೆ. ಒಬ್ಬನೇ ಇದ್ದೋನನ್ನ ಬಸ್ಸಲ್ಲಿ ಪಕ್ಕದೋರು ಬಿಡ್ತಾರೇನು? ಊರು, ಸಂಬಳ, ಮಕ್ಕಳೆಷ್ಟು, ಎಲ್ಲ ಭರಮಸಾಗರ ಬರೋದ್ರೊಳಗೆ ಕೇಳಿ ಮುಗಿಸಿರ್ತಾರೆ. ಒಂದೂರಲ್ಲಿ ಮೂರು ರಾತ್ರಿಗೆ ಕಡಿಮೆ ಇಳೀಬಾರ್ದು. ಮೂರನೇ ದಿನ ಟೀ ಅಂಗಡಿಯೋನು ಕೇಳದೇ ಸಕ್ಕರೆ ಕಡಿಮೆ ಹಾಕ್ತಾನೆ, ಊರು ಅಲ್ಲಿಂದ ಶುರು. ಬ್ಯಾಗು ಏಳು ಕೆಜಿ ದಾಟಬಾರ್ದು. ಮೂರು ಜೊತೆ ಬಟ್ಟೆ, ತೆಳು ಟವೆಲ್, ಒಂದು ಲುಂಗಿ. ದಾರಿ ಮೊದಲೇ ನೋಡ್ಕೋಬೇಕು: ಬೆಂಗಳೂರು ಹುಬ್ಬಳ್ಳಿ ರೈಲು ದಾವಣಗೆರೆಗೆ ಬರ್ತದೆ, ಚಿತ್ರದುರ್ಗ ಊರಿಗೆ ಬರಲ್ಲ, ಆ ಲೈನು ಚಿಕ್ಕಜಾಜೂರಲ್ಲಿ ಕವಲೊಡೀತದೆ. ಗೊತ್ತಿಲ್ದೋರು ಅಲ್ಲಿ ಇಳಿದು ಬಾಯಿ ಬಿಟ್ಕೊಂಡು ನಿಂತಿರ್ತಾರೆ.

ಅಕ್ಕ: ಒಂಟಿ ಹೆಣ್ಣುಮಕ್ಕಳು ಇನ್ನೂ ಎರಡು ನೋಡ್ಕೋಬೇಕು. ಬೆಳಕಿರೋವಾಗ್ಲೇ ಊರು ಸೇರ್ಬೇಕು. ಬಸ್‌ಸ್ಟ್ಯಾಂಡ್ ಹತ್ರದ ಒಂದು ಲಾಡ್ಜಿನ ನಂಬರ್ ಕೈಯಲ್ಲಿರ್ಬೇಕು, ಮನೆ ಸರಿ ಅನ್ನಿಸ್ಲಿಲ್ಲ ಅಂದ್ರೆ ವಾದ ಮಾಡದೇ ಎದ್ದು ಹೋಗೋಕೆ. ಅಣ್ಣ, ನಿನ್ನ ಮಹಡಿ ರೂಮಿಗೆ ಒಳಗಿಂದ ಬೋಲ್ಟ್ ಐತಾ?

ಏಜೆಂಟ್: ಹೊರಗಡೆ ಐತೆ. ಒಳಗಡೇದು ಮುರಿದು ವರ್ಷ ಆತು.

ಅಕ್ಕ: ಮೊದಲು ಅದನ್ನ ಹಾಕ್ಸು. ಗೇಟಿಂದೂ ರೂಮಿಂದೂ ಸೇರಿ ಬೀಗದ ಕೈ ಇನ್ನೊಂದು ಜೊತೆ ಮಾಡ್ಸಿ ಗೆಸ್ಟ್ ಕೈಗೆ ಕೊಡು. ಪಕ್ಕದ ಮನೆಯೋರಿಗೆ ಹಿಂದಿನ ದಿನವೇ ಹೇಳಿಡು, ಇಲ್ಲದಿದ್ರೆ ಅವರು ಬೇರೆ ಏನೋ ಕತೆ ಕಟ್ತಾರೆ. ಆಮೇಲೆ ನಿನ್ನ ಪಾಡಿಗೆ ಪಾಲಿಸಿ ಮಾರೋಕೆ ಹೋಗು.

ಏಜೆಂಟ್: ಸೈಕಲ್ ಮೇಲೆ ಅಷ್ಟು ದೂರ ಬರೋನಿಗೆ ಒಂದು ಆಕ್ಸಿಡೆಂಟ್ ಪಾಲಿಸಿ...

ಅಕ್ಕ, ಮೇಷ್ಟ್ರು: ಬೇಡ!

ಏಜೆಂಟ್: ಕೇಳಿದೆ ಅಷ್ಟೇ. ಲೇ ಅಣ್ಣ, ಮೆಣಸಿನಕಾಯಿ ಕಟ್ಟಿಬಿಡು. ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕೋದ್ರೊಳಗೆ ಹೋಗ್ಬೇಕು. ಬೋಲ್ಟ್ ಎಷ್ಟು ಇಂಚಿಂದು ತರ್ಲಿ ಅಕ್ಕ?